ಕೊನೆಯ ಸಾವಿರ ಮೈಲಿ



ಭಾನುವಾರ ಸಂಜೆ ಗೇಟ್‌ವೇ ಆಫ್ ಇಂಡಿಯಾದ ಬಳಿ ನಿಂತರೆ ಕೆಲವೊಮ್ಮೆ ದೂರದಲ್ಲಿ ಬಿಳಿಯ ಹಾಯಿಗಳು ಓಡಾಡುವುದು ಕಾಣುತ್ತದೆ. ಮುಂಬಯಿಯ ಕೇಳುಗರಲ್ಲಿ ಬಹಳ ಮಂದಿ ಅದನ್ನು ನೋಡಿರುತ್ತೀರಿ. ನೋಡಿ, 'ಇದು ದುಡ್ಡಿದ್ದವರ ಆಟ' ಎಂದುಕೊಂಡು ಲೋಕಲ್ ಹಿಡಿಯಲು ಚರ್ಚ್‌ಗೇಟ್ ಕಡೆಗೆ ಹೊರಟಿರುತ್ತೀರಿ. ಹಾಗೆ ಅಂದುಕೊಂಡರೆ ತಪ್ಪೇನೂ ಇಲ್ಲ. ಆದರೆ ಇದೇ ಮುಂಬಯಿಯಲ್ಲಿ, ಇಲ್ಲಿನ ಬಡಗಿಗಳ ಕೈಯಲ್ಲಿ ತಯಾರಾದ 32 ಅಡಿ ಉದ್ದದ ಒಂದು ಮರದ ದೋಣಿ, ಎಲ್ಲೂ ನಿಲ್ಲದೆ ಒಬ್ಬನೇ ಮನುಷ್ಯನನ್ನು ಹೊತ್ತು ಭೂಮಿಯನ್ನು ಸುತ್ತಿ ಬಂದ ಮೊಟ್ಟಮೊದಲ ಹಾಯಿದೋಣಿ ಎಂಬುದು ನಿಮಗೆ ಗೊತ್ತೇ?

ಆ ದೋಣಿಯ ಹೆಸರು ಸುಹೈಲಿ. ಅದು ಗೆದ್ದ ಪಂದ್ಯ 1968-69ರ 'ಗೋಲ್ಡನ್ ಗ್ಲೋಬ್'. ಹೊರಟವರು ಒಂಬತ್ತು ಜನ, ಊರು ತಲುಪಿದವನು ಒಬ್ಬನೇ. ಉಳಿದ ಎಂಟು ಜನರಿಗೆ ಏನಾಯಿತು? ಅದರಲ್ಲೂ ಪಂದ್ಯದ ಕೊನೆಯ ಘಟ್ಟದಲ್ಲಿದ್ದ ಮೂವರಿಗೆ ಏನಾಯಿತು? ಈ ಸಲ ಅದನ್ನೇ ಹೇಳುತ್ತೇವೆ. ದೆಹಲಿಯ ಕೇಳುಗರು 'ನಮಗೆಲ್ಲಿಯ ಸಮುದ್ರ' ಎಂದು ಪುಟ ತಿರುಗಿಸಬೇಡಿ. ಈ ಕಥೆಯ ಅತ್ಯಂತ ದುಃಖದ ಪಾತ್ರಧಾರಿ ಹುಟ್ಟಿದ್ದು ನಿಮ್ಮ ಪಕ್ಕದ ಗಾಜಿಯಾಬಾದಿನಲ್ಲಿ. ಚೆನ್ನೈಯವರಿಗೂ ಇದರಲ್ಲಿ ಪಾಲಿದೆ, ಅದನ್ನು ಮುಂದೆ ನೋಡೋಣ.

ಪಂದ್ಯ ಹುಟ್ಟಿದ ಬಗೆ

1967ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಎಂಬ ಇಂಗ್ಲಿಷ್ ಮುದುಕ ಒಂಟಿಯಾಗಿ ಭೂಮಿ ಸುತ್ತಿ ಪ್ಲಿಮತ್ ಬಂದರಿಗೆ ಮರಳಿದ. ಆಗ ಅವನ ವಯಸ್ಸು 65. ದಾರಿಯಲ್ಲಿ ಅವನು ನಿಂತದ್ದು ಒಂದೇ ಕಡೆ, ಸಿಡ್ನಿಯಲ್ಲಿ. ಇಂಗ್ಲೆಂಡ್ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು, ರಾಣಿ ಸರ್ ಪದವಿ ಕೊಟ್ಟಳು. ಆಗ ಹಾಯಿದೋಣಿಯ ಹುಚ್ಚಿದ್ದವರ ಮನಸ್ಸಿನಲ್ಲೆಲ್ಲ ಒಂದೇ ಯೋಚನೆ ಸುಳಿಯಿತು. ಒಂದು ಸಲವೂ ನಿಲ್ಲದೆ ಸುತ್ತಿ ಬಂದರೆ ಹೇಗೆ?

ಹಲವರು ತಮ್ಮಷ್ಟಕ್ಕೆ ತಯಾರಿ ಶುರು ಮಾಡಿದ್ದರು. ಇದನ್ನು ಕಂಡ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆ 1968ರ ಮಾರ್ಚಿಯಲ್ಲಿ ಪಂದ್ಯ ಘೋಷಿಸಿತು. ನಿಯಮ ಸರಳ. 1968ರ ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವತ್ತಾದರೂ ಹೊರಡಬಹುದು. ಆಫ್ರಿಕಾದ ಗುಡ್ ಹೋಪ್, ಆಸ್ಟ್ರೇಲಿಯದ ಲೂವಿನ್, ದಕ್ಷಿಣ ಅಮೆರಿಕದ ಹಾರ್ನ್, ಈ ಮೂರೂ ಭೂಶಿರಗಳನ್ನು ಬಳಸಿ ಹೊರಟ ಬಂದರಿಗೇ ಮರಳಬೇಕು. ಯಾವ ಬಂದರಿಗೂ ಹೋಗಬಾರದು, ಯಾರ ಕೈಯಿಂದಲೂ ಒಂದು ಲೋಟ ನೀರನ್ನೂ ಪಡೆಯಬಾರದು.

ಬಹುಮಾನ ಎರಡು. ಮೊದಲು ಊರು ಸೇರಿದವನಿಗೆ ಬಂಗಾರದ ಭೂಗೋಳದ ಪಾರಿತೋಷಕ. ಕಡಿಮೆ ದಿನಗಳಲ್ಲಿ ಸುತ್ತಿದವನಿಗೆ 5,000 ಪೌಂಡ್ ನಗದು. ಬೇರೆ ಬೇರೆ ದಿನ ಹೊರಡುವುದರಿಂದ ಮೊದಲು ಬಂದವನೇ ವೇಗದವನು ಎಂದು ಹೇಳುವಂತಿಲ್ಲವಲ್ಲ, ಅದಕ್ಕೇ ಎರಡು ಬಹುಮಾನ. ಈ ಎರಡನೆಯ ಬಹುಮಾನವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದಿನ ಅನಾಹುತಕ್ಕೆಲ್ಲ ಬೇರು ಅಲ್ಲಿದೆ.

ಹೊರಟ ಒಂಬತ್ತು ಜನರಲ್ಲಿ ಐವರು ಅಟ್ಲಾಂಟಿಕ್ ದಾಟುವುದರೊಳಗೆ ಅಥವಾ ಆಫ್ರಿಕಾದ ತುದಿಯ ಆಸುಪಾಸಿನಲ್ಲೇ ಕೈಬಿಟ್ಟರು. ಜಾನ್ ರಿಜ್ವೇ ಬ್ರೆಜಿಲ್ ಸೇರಿದ. ಹಾಯಿ ಬಿಡಲು ಸರಿಯಾಗಿ ಬಾರದಿದ್ದರೂ ಎದೆಗಾರಿಕೆಯೊಂದನ್ನೇ ನಂಬಿ ಹೊರಟಿದ್ದ ಚೇ ಬ್ಲೈತ್ ದಕ್ಷಿಣ ಆಫ್ರಿಕಾದಲ್ಲಿ ನಿಲ್ಲಿಸಿದ. ಬಿಲ್ ಕಿಂಗ್ ಮತ್ತು ಲೊಯಿಕ್ ಫೂಜೆರಾನ್ ಇಬ್ಬರನ್ನೂ ಬಿರುಗಾಳಿ ಹಿಂದಕ್ಕೆ ಕಳಿಸಿತು. ಇಟಲಿಯ ಅಲೆಕ್ಸ್ ಕರೋಟ್ಸೊ ಹೊಟ್ಟೆಯ ಹುಣ್ಣು ಉಲ್ಬಣಿಸಿ ಪೋರ್ಚುಗಲ್ಲಿನಲ್ಲಿ ಇಳಿದ. ಉಳಿದವರು ನಾಲ್ವರು.

ಮುಂಬಯಿಯ ದೋಣಿ

ಮೊದಲನೆಯವನು ರಾಬಿನ್ ನಾಕ್ಸ್-ಜಾನ್‌ಸ್ಟನ್. ಹೊರಟಾಗ 29 ವರ್ಷ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ ಅವನಿಗೆ ಮುಂಬಯಿ ಚೆನ್ನಾಗಿ ಗೊತ್ತಿದ್ದ ಊರು. ಗೆಳೆಯರೊಡನೆ ಸೇರಿ ಒಂದು ದೋಣಿ ಕಟ್ಟಿಸೋಣವೆಂದು ಅಂಚೆಯಲ್ಲಿ ನಕ್ಷೆ ತರಿಸಿದ. ಬಂದದ್ದು ಅವನು ಕೇಳಿದ್ದಕ್ಕಿಂತ ಹಳೆಯ ಕಾಲದ ಬೇರೊಂದು ನಕ್ಷೆ. ಇರಲಿ, ಇದನ್ನೇ ಕಟ್ಟೋಣ ಎಂದ.

ಮುಂಬಯಿಯ ಬಡಗಿಗಳು ಬಾಚಿ ಹಿಡಿದು, ಹಗ್ಗ ಸುತ್ತಿ ಎಳೆಯುವ ಬೈರಿಗೆಯಿಂದ ತೂತು ಕೊರೆದು, ದಪ್ಪನೆಯ ಸಾಗುವಾನಿ ಹಲಗೆಗಳನ್ನು ಕೂಡಿಸಿ ದೋಣಿ ಕಟ್ಟಿದರು. 1964ರಲ್ಲಿ ಅದು ನೀರಿಗಿಳಿಯಿತು. ಪರ್ಷಿಯಾ ಕೊಲ್ಲಿಯ ಅರಬ್ ನಾವಿಕರು ಆಗ್ನೇಯ ದಿಕ್ಕಿನ ಗಾಳಿಗೆ ಇಟ್ಟಿರುವ ಹೆಸರು ಸುಹೈಲಿ, ಅದನ್ನೇ ದೋಣಿಗೂ ಇಟ್ಟ. 1965ರ ಕೊನೆಯಲ್ಲಿ ತಮ್ಮನನ್ನೂ ಒಬ್ಬ ಗೆಳೆಯನನ್ನೂ ಕರೆದುಕೊಂಡು ಮುಂಬಯಿಯಿಂದ ಹೊರಟು, ಆಫ್ರಿಕಾ ಸುತ್ತಿ 1967ರಲ್ಲಿ ಇಂಗ್ಲೆಂಡ್ ಸೇರಿದ. ಪಂದ್ಯಕ್ಕೆ ಹೊಸ ದೋಣಿ ಕಟ್ಟಿಸುವ ಆಸೆಯಿತ್ತು, ಆದರೆ ದುಡ್ಡು ಕೊಡುವವರು ಸಿಗಲಿಲ್ಲ. ಇದ್ದ ಸುಹೈಲಿಯನ್ನೇ ತೆಗೆದುಕೊಂಡು 1968ರ ಜೂನ್ 14ರಂದು ಫಾಲ್ಮತ್ ಬಂದರಿನಿಂದ ಹೊರಟ.

ಪಂದ್ಯದ ದೋಣಿಗಳಲ್ಲಿ ಸುಹೈಲಿ ಚಿಕ್ಕದು, ನಿಧಾನದ್ದು. ಒಂದು ತಿಂಗಳೊಳಗೇ ತಳದ ಹಲಗೆಗಳ ಸಂದಿಯಿಂದ ನೀರು ಒಸರತೊಡಗಿತು. ರಾಬಿನ್ ನಡುಸಮುದ್ರದಲ್ಲಿ ಉಸಿರು ಹಿಡಿದು ಮುಳುಗಿ ಸಂದಿಗೆ ಹತ್ತಿ ತುರುಕಿದ, ಅದರ ಮೇಲೆ ತಾಮ್ರದ ಪಟ್ಟಿ ಬಡಿದ. ನಡುವೆ ಒಂದು ಶಾರ್ಕ್ ಸುತ್ತು ಹಾಕಲು ಬಂತು, ದೋಣಿ ಹತ್ತಿ ಅದನ್ನು ಗುಂಡಿಕ್ಕಿ ಕೊಂದು ಮತ್ತೆ ನೀರಿಗಿಳಿದ. ದಕ್ಷಿಣ ಸಾಗರದಲ್ಲಿ ಅಲೆಯೊಂದು ದೋಣಿಯನ್ನೇ ಮಗುಚಿತು, ತೊಟ್ಟಿಯ ಕುಡಿಯುವ ನೀರು ಕೆಟ್ಟಿತು, ಮಳೆ ನೀರೇ ಗತಿಯಾಯಿತು. ಚುಕ್ಕಾಣಿಯನ್ನು ತಾನೇ ಹಿಡಿಯಬಲ್ಲ ಯಂತ್ರ ಮುರಿದು ಹೋಯಿತು. ಮಾತು ಕಳಿಸುವ ರೇಡಿಯೋ ಕೈಕೊಟ್ಟಿತು.

ರೇಡಿಯೋ ಕೇಳುಗರಾದ ನೀವು ಇಲ್ಲಿ ಒಂದು ವಿಷಯ ಗಮನಿಸಬೇಕು. ಅವನಿಗೆ ಕೇಳಿಸುತ್ತಿತ್ತು, ಹೇಳುವುದಕ್ಕೆ ಮಾತ್ರ ಆಗುತ್ತಿರಲಿಲ್ಲ. 1968ರ ಕ್ರಿಸ್‌ಮಸ್ ಹೊತ್ತಿಗೆ ಮೂವರು ಅಮೆರಿಕನ್ನರು ಅಪೊಲೊ-8ರಲ್ಲಿ ಚಂದ್ರನನ್ನು ಸುತ್ತುತ್ತಿರುವ ಸುದ್ದಿಯನ್ನು ಅವನು ಪೆಸಿಫಿಕ್ ಸಾಗರದ ನಡುವೆ ಕೂತು ಕೇಳಿದ. ಚಂದ್ರನ ಬಳಿಯಿದ್ದವರ ಮಾತು ಭೂಮಿಗೆ ಬರುತ್ತಿತ್ತು, ಭೂಮಿಯ ಮೇಲೆಯೇ ಇದ್ದ ಇವನ ಮಾತು ಯಾರಿಗೂ ತಲುಪುತ್ತಿರಲಿಲ್ಲ! 1968ರ ನವೆಂಬರ್ 21ರಂದು ನ್ಯೂಜಿಲೆಂಡಿನ ಒಟಾಗೊ ಬಳಿ ಒಬ್ಬ ಪತ್ರಕರ್ತನ ಕಣ್ಣಿಗೆ ಬಿದ್ದದ್ದೇ ಕೊನೆ, ಆಮೇಲೆ ನಾಲ್ಕೂವರೆ ತಿಂಗಳು ಅವನಿದ್ದಾನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಬೆನ್ನಟ್ಟಿ ಬಂದವನು

ಒಟಾಗೊದಲ್ಲಿ ರಾಬಿನ್‌ಗೆ ಸಿಕ್ಕಿದ ಸುದ್ದಿ ಒಂದೇ: ಫ್ರೆಂಚ್ ನಾವಿಕ ಬರ್ನಾರ್ ಮ್ವಾತೆಸ್ಸಿಯೆ ಬೆನ್ನಟ್ಟಿ ಬರುತ್ತಿದ್ದಾನೆ.

ಬೆನ್ನಟ್ಟುವುದು ಎಂದರೆ ಎಂಥದ್ದು, ಲೆಕ್ಕ ನೋಡಿ. ಮ್ವಾತೆಸ್ಸಿಯೆ ಹೊರಟದ್ದು ಆಗಸ್ಟ್ 22ಕ್ಕೆ, ಅಂದರೆ ರಾಬಿನ್‌ಗಿಂತ 69 ದಿನ ತಡವಾಗಿ. ರಾಬಿನ್ ಹಾರ್ನ್ ಭೂಶಿರ ದಾಟಿದ್ದು 1969ರ ಜನವರಿ 17ಕ್ಕೆ, ಮ್ವಾತೆಸ್ಸಿಯೆ ದಾಟಿದ್ದು ಫೆಬ್ರವರಿ 5ಕ್ಕೆ. 69 ದಿನಗಳ ಅಂತರ 19ಕ್ಕೆ ಇಳಿದಿತ್ತು. ಮುಂದಿದ್ದದ್ದು ಅಟ್ಲಾಂಟಿಕ್ ಮಾತ್ರ. ಮೊದಲ ಸ್ಥಾನಕ್ಕೆ ಕತ್ತುಕತ್ತಿನ ಪೈಪೋಟಿಯಾಗುತ್ತಿತ್ತು, 5,000 ಪೌಂಡಂತೂ ಅವನ ಕೈಗೆ ಬಂದಂತೆಯೇ ಇತ್ತು.

ಅವನು ಹನೋಯ್‌ನಲ್ಲಿ ಹುಟ್ಟಿ ವಿಯೆಟ್ನಾಮಿನ ಮೀನುಗಾರರ ನಡುವೆ ಸಮುದ್ರ ಕಲಿತವನು. ಅವನ ಉಕ್ಕಿನ ದೋಣಿ 'ಜೋಷುವಾ' 39 ಅಡಿಯದು. ಅವನು ರೇಡಿಯೋವನ್ನೇ ಇಟ್ಟುಕೊಳ್ಳಲಿಲ್ಲ. ಸುದ್ದಿ ಕಳಿಸಬೇಕಾದಾಗ ಚೀಟಿಯನ್ನು ಡಬ್ಬಿಯಲ್ಲಿ ಹಾಕಿ, ಹಾದುಹೋಗುವ ಹಡಗಿನ ಮೇಲೆ ಕವಣೆಯಿಂದ ಬೀಸುತ್ತಿದ್ದ.

ಮಾರ್ಚ್ 18ರಂದು ಹಾಗೆ ಒಂದು ಚೀಟಿ ಬಂತು. ಬಂದದ್ದು ಬ್ರಿಟನ್ನಿನ ಹತ್ತಿರದಿಂದ ಅಲ್ಲ, ಕೇಪ್‌ಟೌನ್ ಬಳಿಯಿಂದ! ಗೆಲುವಿಗೆ ಉತ್ತರಕ್ಕೆ ತಿರುಗಬೇಕಾದವನು ಪೂರ್ವಕ್ಕೆ ತಿರುಗಿದ್ದ. ಸಮುದ್ರದಲ್ಲಿ ತಾನು ಸುಖವಾಗಿದ್ದೇನೆ, ತನ್ನ ಆತ್ಮ ಉಳಿಸಿಕೊಳ್ಳುವುದಕ್ಕಾಗಿ ನಿಲ್ಲದೆ ಪೆಸಿಫಿಕ್ ದ್ವೀಪಗಳಿಗೆ ಹೋಗುತ್ತಿದ್ದೇನೆ ಎಂಬುದು ಆ ಚೀಟಿಯ ತಾತ್ಪರ್ಯ. ಹಣ, ಜನಸಂದಣಿ, ಕ್ಯಾಮೆರಾ ಯಾವುದೂ ಅವನಿಗೆ ಬೇಡವಾಗಿತ್ತು. ಭೂಮಿಯನ್ನು ಸುಮಾರು ಒಂದೂವರೆ ಸುತ್ತು ಹಾಕಿ ಜೂನ್ 21ರಂದು ತಹೀತಿಯಲ್ಲಿ ಲಂಗರು ಹಾಕಿದ.

ಇದು ತ್ಯಾಗವೋ ಪಲಾಯನವೋ ನೀವೇ ಹೇಳಬೇಕು. ಊರಿನಲ್ಲಿ ಅವನಿಗಾಗಿ ಕಾಯುತ್ತಿದ್ದ ಹೆಂಡತಿ ಇದ್ದಳು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಒಂದು ಮಾತು ನಿಜ. ಫೆಬ್ರವರಿಯಲ್ಲಿ ಹರಿದ ಹಾಯಿಗೆ ತೇಪೆ ಹಾಕುತ್ತ ಅಟ್ಲಾಂಟಿಕ್ ಏರುತ್ತಿದ್ದ ರಾಬಿನ್, ಬೆನ್ನ ಹಿಂದೆ ಇಲ್ಲದೇ ಇದ್ದ ಎದುರಾಳಿಯನ್ನು ನೆನೆದು ಒಂದೊಂದು ಮೈಲಿಗೂ ಹೆಣಗಿದ.

ಏಪ್ರಿಲ್ 6ರಂದು ಅಜೋರ್ಸ್ ದ್ವೀಪಗಳ ಬಳಿ ಬ್ರಿಟನ್ನಿನ ಒಂದು ತೈಲಹಡಗು ಅವನ ಸಂಕೇತ ದೀಪವನ್ನು ಓದಿತು. ಸುದ್ದಿ ಮನೆಗೆ ಮುಟ್ಟಿತು. ಏಪ್ರಿಲ್ 22ರಂದು, 312 ದಿನಗಳ ಮೇಲೆ, ತುಕ್ಕಿನ ಕಲೆ ಹತ್ತಿದ ಸುಹೈಲಿ ಫಾಲ್ಮತ್ ಬಂದರಿಗೆ ಬಂತು. ಮೊದಲು ಹತ್ತಿದವರು ಸುಂಕದ ಅಧಿಕಾರಿಗಳು. ಎಲ್ಲಿಂದ ಬಂದದ್ದು ಎಂದು ಪದ್ಧತಿಯಂತೆ ಕೇಳಿದರು. ಫಾಲ್ಮತ್‌ನಿಂದ ಎಂದ ರಾಬಿನ್!

ಬಂಗಾರದ ಭೂಗೋಳ ಅವನದಾಯಿತು. ಪಂದ್ಯ ಮುಗಿಯಿತೇ? ಇಲ್ಲ. 5,000 ಪೌಂಡ್ ಇನ್ನೂ ಸಮುದ್ರದ ಮೇಲಿತ್ತು.

ಗಾಜಿಯಾಬಾದಿನ ಹುಡುಗ

ಇನ್ನಿಬ್ಬರು ಉಳಿದಿದ್ದರಲ್ಲ, ಅವರ ದೋಣಿಗಳು ಬೇರೆ ಜಾತಿಯವು. ಒಂದೇ ಒಡಲಿನ ಬದಲು ಮೂರು ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ ಪ್ಲೈವುಡ್ಡಿನ 'ಟ್ರೈಮರಾನ್'ಗಳು. ಚೆನ್ನೈ ಕೇಳುಗರ ಪಾಲು ಇಲ್ಲಿದೆ. ತಮಿಳಿನ 'ಕಟ್ಟುಮರಂ' ಇಂಗ್ಲಿಷಿಗೆ ಹೋಗಿ 'ಕೆಟಮರಾನ್' ಆಯಿತು, ಅದರ ಬಾಲವನ್ನು ಹಿಡಿದು ಮೂರು ಒಡಲಿನದಕ್ಕೆ 'ಟ್ರೈಮರಾನ್' ಎಂದರು. ಇವು ವೇಗದ ದೋಣಿಗಳು. ಆದರೆ ಹಗುರ. ದಕ್ಷಿಣ ಸಾಗರದ ಅಲೆಗಳ ಏಟು ತಡೆಯುತ್ತವೆಯೇ ಎಂದು ಆಗ ಯಾರಿಗೂ ಭರವಸೆಯಿರಲಿಲ್ಲ.

ಒಂದರಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ನೈಜೆಲ್ ಟೆಟ್ಲಿ. ಅವನ ದೋಣಿ 'ವಿಕ್ಟ್ರೆಸ್' 1968ರ ಸೆಪ್ಟೆಂಬರ್ 16ರಂದು ಪ್ಲಿಮತ್ ಬಿಟ್ಟಿತ್ತು. ಇನ್ನೊಂದರಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್. ಅವನ 'ಟಿನ್‌ಮತ್ ಎಲೆಕ್ಟ್ರಾನ್' ಹೊರಟದ್ದು ಗಡುವಿನ ಕೊನೆಯ ದಿನ, ಅಕ್ಟೋಬರ್ 31ರಂದು.

ಕ್ರೌಹರ್ಸ್ಟ್ 1932ರಲ್ಲಿ ಗಾಜಿಯಾಬಾದಿನಲ್ಲಿ ಹುಟ್ಟಿದ. ತಂದೆಗೆ ಭಾರತದ ರೈಲ್ವೆಯಲ್ಲಿ ಕೆಲಸ. ಸ್ವಾತಂತ್ರ್ಯ ಬಂದಾಗ ಕುಟುಂಬ ಇಂಗ್ಲೆಂಡಿಗೆ ಮರಳಿತು. ಕೂಡಿಟ್ಟ ಹಣವನ್ನು ತಂದೆ ಇಲ್ಲಿನ ಕ್ರೀಡಾ ಸಾಮಗ್ರಿ ಕಾರ್ಖಾನೆಯೊಂದರಲ್ಲಿ ಹಾಕಿದ್ದ. ವಿಭಜನೆಯ ಗಲಭೆಯಲ್ಲಿ ಆ ಕಾರ್ಖಾನೆ ಸುಟ್ಟುಹೋಯಿತು. ಮರುವರ್ಷವೇ ತಂದೆ ತೀರಿಕೊಂಡ. ಹುಡುಗ ಓದು ನಿಲ್ಲಿಸಬೇಕಾಯಿತು. ಮುಂದೆ ಅವನು ಎಲೆಕ್ಟ್ರಾನಿಕ್ಸ್ ಕಲಿತು, ನಾವಿಕರಿಗೆ ದಿಕ್ಕು ತೋರುವ ರೇಡಿಯೋ ಉಪಕರಣ ಮಾಡಿ ಮಾರುವ ಚಿಕ್ಕ ಕಂಪನಿ ನಡೆಸಿದ. ಹೆಂಡತಿ, ನಾಲ್ಕು ಮಕ್ಕಳು. ವ್ಯಾಪಾರ ಕುಸಿಯುತ್ತಿತ್ತು. ಗೆದ್ದರೆ ಎಲ್ಲ ಸರಿಹೋಗುತ್ತದೆ ಎಂದು ಪಂದ್ಯಕ್ಕೆ ಇಳಿದ. ದೋಣಿಗೆ ದುಡ್ಡು ಹಾಕಿದ ಸಾಹುಕಾರನ ಕರಾರು ಹೇಗಿತ್ತೆಂದರೆ, ಇವನು ನಡುವೆ ಬಿಟ್ಟುಬಂದರೆ ದೋಣಿಯನ್ನು ಇವನ ಕಂಪನಿಯೇ ಕೊಳ್ಳಬೇಕು. ಅಂದರೆ ದಿವಾಳಿ.

ದೋಣಿ ಪೂರ್ತಿ ತಯಾರಾಗುವ ಮೊದಲೇ ಹೊರಟಿದ್ದ. ನೀರು ಹೊರಹಾಕುವ ಪಂಪಿನ ಕೊಳವೆ ದಡದಲ್ಲೇ ಉಳಿದಿತ್ತು. ಎರಡೇ ವಾರದಲ್ಲಿ ಅವನಿಗೆ ಅರ್ಥವಾಯಿತು: ಈ ದೋಣಿಯಲ್ಲಿ ದಕ್ಷಿಣ ಸಾಗರಕ್ಕೆ ಹೋದರೆ ಸಾವು, ಹಿಂದಿರುಗಿದರೆ ಬೀದಿಪಾಲು.

ಅವನು ಮೂರನೆಯ ದಾರಿ ಹಿಡಿದ. ಡಿಸೆಂಬರಿನಲ್ಲಿ ಸುಳ್ಳು ಸ್ಥಾನಗಳನ್ನು ತಿಳಿಸತೊಡಗಿದ. ಒಂದೇ ದಿನ 243 ಮೈಲಿ ಓಡಿದೆ, ಇದು ದಾಖಲೆ ಎಂದು ತಂತಿ ಕಳಿಸಿದ. ಪತ್ರಿಕೆಗಳು ಹಾಡಿಹೊಗಳಿದವು. ನಿಜದಲ್ಲಿ ಅವನು ಅಟ್ಲಾಂಟಿಕ್ ಬಿಟ್ಟು ಹೋಗಲೇ ಇಲ್ಲ. ಲೋಕದ ಕಣ್ಣಿಗೆ ಹಿಂದೂ ಮಹಾಸಾಗರ ದಾಟುತ್ತಿದ್ದವನು, ದಕ್ಷಿಣ ಅಮೆರಿಕದ ಕರಾವಳಿಯ ಆಚೆ ಸುಮ್ಮನೆ ಅಡ್ಡಾಡುತ್ತಿದ್ದ. ರೇಡಿಯೋ ಅಲೆಗಳು ಎಲ್ಲಿಂದ ಬರುತ್ತಿವೆ ಎಂದು ದಡದ ಕೇಂದ್ರಗಳು ಪತ್ತೆ ಹಚ್ಚಬಹುದಲ್ಲ? ಅದಕ್ಕೆ ಯಂತ್ರದ ತೊಂದರೆಯ ನೆಪ ಹೇಳಿ ಜನವರಿಯಿಂದ ಸುಮಾರು ಮೂರು ತಿಂಗಳು ಮೌನವಾದ. ಮಾರ್ಚಿಯಲ್ಲಿ ಅರ್ಜೆಂಟೀನದ ಒಂದು ಪುಟ್ಟ ಹಳ್ಳಿಯಲ್ಲಿ ಗುಟ್ಟಾಗಿ ದಡ ಹತ್ತಿ ದೋಣಿಯ ರಿಪೇರಿಯನ್ನೂ ಮಾಡಿಕೊಂಡ. ನಿಯಮದ ಪ್ರಕಾರ ಅಲ್ಲಿಗೇ ಅವನ ಪಂದ್ಯ ಮುಗಿದಿತ್ತು.

ಸುಳ್ಳು ಲಾಗ್ ಬುಕ್ ಬರೆಯುವುದು ಸುಲಭದ ಕೆಲಸವಲ್ಲ. ನಾವಿಕ ಸೂರ್ಯನ ಎತ್ತರ ಅಳೆದು ತನ್ನ ಸ್ಥಾನ ಕಂಡುಕೊಳ್ಳುತ್ತಾನೆ. ಇವನು ಉಲ್ಟಾ ಮಾಡಬೇಕಿತ್ತು. ತಾನಿಲ್ಲದ ಜಾಗದಲ್ಲಿ ಆ ದಿನ ಸೂರ್ಯ ಎಷ್ಟು ಎತ್ತರದಲ್ಲಿ ಕಾಣುತ್ತಿದ್ದ ಎಂದು ಲೆಕ್ಕ ಹಾಕಬೇಕಿತ್ತು. ತಾನಿಲ್ಲದ ಸಮುದ್ರದ ಹವಾಮಾನಕ್ಕಾಗಿ ರೇಡಿಯೋಕ್ಕೆ ಕಿವಿಗೊಟ್ಟು ಬರೆದುಕೊಂಡ. ಪ್ರಾಮಾಣಿಕವಾಗಿ ಸುತ್ತಿಬರಲು ಬೇಕಾದದ್ದಕ್ಕಿಂತ ಹೆಚ್ಚಿನ ಬುದ್ಧಿಯನ್ನು ಅವನು ಈ ಮೋಸಕ್ಕೆ ಸುರಿದ.

ಒಂದು ತಂತಿ, ಒಂದು ದೋಣಿ

ಅವನ ಯೋಜನೆ ಹೀಗಿತ್ತು. ಉಳಿದವರು ಹಾರ್ನ್ ಸುತ್ತಿ ಅಟ್ಲಾಂಟಿಕ್ಕಿಗೆ ಬರುವವರೆಗೆ ಕಾಯುವುದು, ಆಮೇಲೆ ತಾನೂ ಸುತ್ತಿ ಬಂದವನಂತೆ ಅವರ ಹಿಂದೆ ಸೇರಿಕೊಳ್ಳುವುದು, ಟೆಟ್ಲಿಗಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಊರು ತಲುಪುವುದು. ಸೋತವನ ಲಾಗ್ ಬುಕ್ಕನ್ನು ಯಾರು ಕೂಲಂಕಷವಾಗಿ ನೋಡುತ್ತಾರೆ? ಮಾನ ಉಳಿಯುತ್ತದೆ, ಸಾಲಗಾರ ಸುಮ್ಮನಾಗುತ್ತಾನೆ.

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಮೌನ ಮುರಿದು ತಂತಿ ಕಳಿಸಿದ: ಹಾರ್ನ್ ಭೂಶಿರದ ಹತ್ತಿರವಿದ್ದೇನೆ ಎಂದು.

ಈಗ ಲೆಕ್ಕ ಹಾಕಿ. ಟೆಟ್ಲಿ ಹಾರ್ನ್ ದಾಟಿದ್ದು ಮಾರ್ಚ್ 18ಕ್ಕೆ, ಹೊರಟ 183ನೆಯ ದಿನ. ಕ್ರೌಹರ್ಸ್ಟ್ ಹೇಳಿಕೊಂಡ ಪ್ರಕಾರ ಅವನು ಅಲ್ಲಿಗೆ ಬಂದದ್ದು ಸುಮಾರು 160ನೆಯ ದಿನ. ಸಮುದ್ರದ ಮೇಲೆ ಟೆಟ್ಲಿ ಮುಂದೆ, ಗಡಿಯಾರದ ಮೇಲೆ ಕ್ರೌಹರ್ಸ್ಟ್ ಮುಂದೆ! ಟೆಟ್ಲಿ ಊರು ತಲುಪಿದ ಮೇಲೆ 45 ದಿನದೊಳಗೆ ಕ್ರೌಹರ್ಸ್ಟ್ ಬಂದರೆ ಸಾಕು, ಹಣ ಅವನಿಗೆ. ಈ ಸುದ್ದಿ ರೇಡಿಯೋ ಮೂಲಕ ಟೆಟ್ಲಿಗೆ ಮುಟ್ಟಿತು.

ಟೆಟ್ಲಿಯ ವಿಕ್ಟ್ರೆಸ್ ಆಗಲೇ ಜರ್ಜರಿತವಾಗಿತ್ತು. ದಕ್ಷಿಣ ಸಾಗರ ಅದರ ಕೀಲುಗಳನ್ನೆಲ್ಲ ಸಡಿಲಿಸಿತ್ತು. ಸಿಕ್ಕ ಹಲಗೆ, ಮೊಳೆಗಳಿಂದ ಕೂಡಿಸಿಟ್ಟುಕೊಂಡು ಬರುತ್ತಿದ್ದ. ರಾಬಿನ್‌ನ 312 ದಿನಗಳನ್ನು ಮೀರಿಸಲು ಅವನಿಗೆ ಜುಲೈ ಕೊನೆಯ ವಾರದವರೆಗೂ ಕಾಲಾವಕಾಶವಿತ್ತು. ರಾಬಿನ್ ಒಬ್ಬನೇ ಎದುರಾಳಿಯಾಗಿದ್ದರೆ, ಟೆಟ್ಲಿ ಹಾಯಿ ಅರ್ಧ ಇಳಿಸಿ, ರಾತ್ರಿ ನಿದ್ದೆ ಮಾಡಿ, ದಿನಕ್ಕೆ 20 ಮೈಲಿಯಂತೆ ತೇಲಿಕೊಂಡು ಬಂದಿದ್ದರೂ ಗೆಲ್ಲುತ್ತಿದ್ದ. ಅವನನ್ನು ಓಡಿಸಿದ್ದು ಕ್ರೌಹರ್ಸ್ಟ್‌ನ ತಂತಿ.

ಮೇ 20ರ ರಾತ್ರಿ ಅಜೋರ್ಸ್ ಬಳಿ ಬಿರುಗಾಳಿ. ನಡುರಾತ್ರಿ ದಾಟಿದ ಮೇಲೆ ಎಡಗಡೆಯ ಒಡಲಿನ ಮೂತಿ ಮುರಿದು, ಅದೇ ನಡುವಣ ಒಡಲಿಗೆ ಗುದ್ದಿ ತೂತು ಮಾಡಿತು. ಟೆಟ್ಲಿ ರೇಡಿಯೋದಲ್ಲಿ ಕೂಗು ಹಾಕಿ ರಬ್ಬರ್ ತೆಪ್ಪಕ್ಕೆ ಹಾರಿದ. ಕಣ್ಣೆದುರೇ ವಿಕ್ಟ್ರೆಸ್ ಮುಳುಗಿತು. ಹೊರಟು 247 ದಿನ, ಊರಿಗೆ ಉಳಿದದ್ದು ಸುಮಾರು 1,100 ಮೈಲಿ. ಆ ದಿನವೇ ಒಂದು ಹಡಗು ಅವನನ್ನು ಎತ್ತಿಕೊಂಡಿತು. ಭೂಮಿಯ ಸುತ್ತನ್ನು ಅವನು ಆಗಲೇ ಮುಗಿಸಿದ್ದ, ತಾನು ಹೋದ ದಾರಿಯನ್ನೇ ಅಡ್ಡ ಹಾದು ಬಂದಿದ್ದ. ಟ್ರೈಮರಾನ್‌ನಲ್ಲಿ ಹಾಗೆ ಸುತ್ತಿದ ಮೊದಲಿಗ ಅವನೇ. ಬಂದರು ಮಾತ್ರ ಸಿಗಲಿಲ್ಲ. ಪತ್ರಿಕೆ ಅವನಿಗೆ ಸಮಾಧಾನದ 1,000 ಪೌಂಡ್ ಕೊಟ್ಟಿತು.

ಈ ಸುದ್ದಿ ಕೇಳಿದ ಕ್ರೌಹರ್ಸ್ಟ್‌ನ ಮನಸ್ಸು ಹೇಗಿದ್ದಿರಬೇಕು, ಯೋಚಿಸಿ. ಇನ್ನು ಅವನು ಎರಡನೆಯವನಾಗಿ ಬರುವಂತಿಲ್ಲ. ಬಂದರೆ ಗೆದ್ದವನು. ಗೆದ್ದವನ ಲಾಗ್ ಬುಕ್ಕನ್ನು ಸಾಲುಸಾಲಾಗಿ ಓದುತ್ತಾರೆ. ತೀರ್ಪುಗಾರರ ಮುಖ್ಯಸ್ಥ ಬೇರಾರೂ ಅಲ್ಲ, ಅದೇ ಮುದುಕ ಚಿಚೆಸ್ಟರ್. ಅವನಿಗೆ ಮೊದಲಿನಿಂದಲೂ ಇವನ ದಾಖಲೆಗಳ ಮೇಲೆ ಅನುಮಾನವಿತ್ತು. ಅತ್ತ ಟಿನ್‌ಮತ್ ಊರು ಸ್ವಾಗತಕ್ಕೆ ಸಜ್ಜಾಗುತ್ತಿತ್ತು. ಅಭಿನಂದನೆಯ ತಂತಿಗಳು ಬರುತ್ತಿದ್ದವು. ಒಬ್ಬ ಮನುಷ್ಯನನ್ನು ಗೆಲುವೇ ಕೊಲ್ಲುವುದು ಇಂಥ ಕಡೆ.

ಜೂನ್ ಆರಂಭದಲ್ಲಿ ಅವನ ರೇಡಿಯೋ ನಿಜವಾಗಿಯೂ ಕೆಟ್ಟಿತು. ದಿನಗಟ್ಟಲೆ ತಂತಿಗಳ ನಡುವೆ ಕೂತು ರಿಪೇರಿ ಮಾಡಿದ. ದೋಣಿ ಗಾಳಿ ಬೀಸಿದತ್ತ ತೇಲುತ್ತಿತ್ತು. ಜೂನ್ 24ರಿಂದ ಲಾಗ್ ಬುಕ್ಕಿನಲ್ಲಿ ದೇವರು, ಕಾಲ, ಮನುಷ್ಯನ ಮನಸ್ಸು ಎಂದು ಹುಚ್ಚು ಆವೇಶದಲ್ಲಿ ಸುಮಾರು 25,000 ಪದ ಬರೆದ. ಕೊನೆಯ ಸಾಲುಗಳ ತಾರೀಖು 1969ರ ಜುಲೈ 1. ಜುಲೈ 10ರಂದು 'ಪಿಕಾರ್ಡಿ' ಎಂಬ ಅಂಚೆಹಡಗು ಅಟ್ಲಾಂಟಿಕ್ ನಡುವೆ ಟಿನ್‌ಮತ್ ಎಲೆಕ್ಟ್ರಾನನ್ನು ಕಂಡಿತು. ಒಳಗೆ ಯಾರೂ ಇರಲಿಲ್ಲ. ತೊಳೆಯದ ಪಾತ್ರೆಗಳು, ಬಿಬಿಸಿ ಕೊಟ್ಟಿದ್ದ ಟೇಪ್ ರೆಕಾರ್ಡರು, ಲಾಗ್ ಬುಕ್ಕುಗಳು ಇದ್ದವು. ದೋಣಿಯ ಗಡಿಯಾರ ಇರಲಿಲ್ಲ. ದೇಹ ಎಂದೂ ಸಿಗಲಿಲ್ಲ.

ಮೊದಲು ಎಲ್ಲರೂ ಅವಘಡವೆಂದುಕೊಂಡು ಮರುಗಿದರು. ಲಾಗ್ ಬುಕ್ಕುಗಳನ್ನು ಓದಿದ ಮೇಲೆ ಸತ್ಯ ಹೊರಬಂತು. ಲಾಗ್ ಬುಕ್ಕುಗಳನ್ನು ಅವನು ಸಮುದ್ರಕ್ಕೆ ಎಸೆಯಬಹುದಿತ್ತು. ಎಸೆಯಲಿಲ್ಲ, ನಿಜವಾಗಿ ಎಲ್ಲೆಲ್ಲಿದ್ದೆ ಎಂಬ ಲೆಕ್ಕವನ್ನೂ ಓದುವವರಿಗೆ ಬಿಟ್ಟುಹೋದ. ಅವನನ್ನು ಬರಿಯ ಮೋಸಗಾರ ಎಂದು ತಳ್ಳಿಹಾಕುವುದು ಕಷ್ಟವಾಗುವುದು ಇದರಿಂದಲೇ.

ಉಳಿದದ್ದು

ಟೆಟ್ಲಿ ಮುಳುಗಿ, ಕ್ರೌಹರ್ಸ್ಟ್ ಇಲ್ಲವಾಗಿ, 5,000 ಪೌಂಡ್ ಕೂಡ ಅತಿ ನಿಧಾನದ ದೋಣಿಯ ರಾಬಿನ್‌ಗೇ ಬಂತು. ಅವನು ಆ ಹಣವನ್ನು ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ.

ಹೀಗೇಕಾಯಿತು ಎಂದು ಕೇಳಿದರೆ, ಪಂದ್ಯದ ನಿಯಮವನ್ನೂ ಸ್ವಲ್ಪ ದೂರಬೇಕು. ಹೊರಡುವವರ ದೋಣಿಯನ್ನಾಗಲಿ ಅನುಭವವನ್ನಾಗಲಿ ಯಾರೂ ಪರೀಕ್ಷಿಸಲಿಲ್ಲ. ಸ್ಥಾನ ತಿಳಿಯಲು ನಾವಿಕನ ಮಾತೊಂದೇ ಆಧಾರ. ಉಪಗ್ರಹದಿಂದ ದೋಣಿಗಳ ಜಾಡು ಹಿಡಿಯುವ ವ್ಯವಸ್ಥೆ ಇಲ್ಲದ ಕಾಲ. ಪತ್ರಿಕೆಗೆ ಪ್ರತಿ ವಾರ ಸುದ್ದಿ ಬೇಕು, ಸುದ್ದಿ ಕಳಿಸಿದವನು ವೀರ, ಕಳಿಸದವನು ಮಾಯವಾದವನು. ಆ ತಿಂಗಳುಗಳಲ್ಲಿ ಲೋಕ ರಾಬಿನ್‌ನ ಬಗ್ಗೆ ಆಸೆ ಬಿಡುತ್ತಿತ್ತು, ಕ್ರೌಹರ್ಸ್ಟ್‌ನನ್ನು ಹೊಗಳುತ್ತಿತ್ತು. ದನಿ ಕೇಳಿಸದವನು ನಿಜವಾಗಿ ಸುತ್ತುತ್ತಿದ್ದ, ದನಿ ಕೇಳಿಸಿದವನು ನಿಂತಲ್ಲೇ ಇದ್ದ. ರೇಡಿಯೋ ನಡೆಸುವ ನಾವೂ ಕೇಳುವ ನೀವೂ ಇದನ್ನು ಮರೆಯಬಾರದು.

ಕಥೆ ಮತ್ತೆ ನಮ್ಮ ಕರಾವಳಿಗೆ ಬಂತು. ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಮುಂಬಯಿಯಿಂದ ಹೊರಟು 2013ರ ಮಾರ್ಚ್ 31ಕ್ಕೆ ಮುಂಬಯಿಗೇ ಮರಳಿ, ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯನಾದರು. ಗೋವಾದಲ್ಲಿ ಕಟ್ಟಿದ ಅವರ ದೋಣಿಯ ಹೆಸರು 'ಮ್ಹಾದೆಯಿ'. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರೇ ಅದು. ಗೋಲ್ಡನ್ ಗ್ಲೋಬಿನ 50ನೆಯ ವರ್ಷದ ನೆನಪಿಗೆ 2018ರಲ್ಲಿ ಹಳೆಯ ಕಾಲದ ಉಪಕರಣಗಳಲ್ಲೇ ಪಂದ್ಯ ನಡೆದಾಗ, ಗೋವಾದಲ್ಲಿ ಸುಹೈಲಿಯ ಪ್ರತಿರೂಪವಾಗಿ ಕಟ್ಟಿದ 'ತುರೀಯ'ದಲ್ಲಿ ಅವರು ಹೊರಟರು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕೂವೆಮರ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ ಮೂರು ದಿನ ಅಲುಗಾಡದೆ ಮಲಗಿದ್ದವರನ್ನು ಫ್ರಾನ್ಸಿನ ಹಡಗೊಂದು ಕಾಪಾಡಿತು. ಅಲ್ಲಿಗೇ ಬಿಟ್ಟಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. 2022ರಲ್ಲಿ ಮತ್ತೆ ಅದೇ ಪಂದ್ಯಕ್ಕೆ ಹೊರಟು, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಫ್ರಾನ್ಸಿನ ದಡ ಮುಟ್ಟಿದರು. ಎರಡು ದಿನ ಮೊದಲು ಬಂದು ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ.

1969ರಲ್ಲಿ ಎರಡನೆಯವನಾಗಿ ಬರುವ ಭಾಗ್ಯ ಯಾರಿಗೂ ಇರಲಿಲ್ಲ ನೋಡಿ. ಎರಡನೆಯವನಾಗಿ ಬಂದರೆ ಸಾಕೆಂದು ಕ್ರೌಹರ್ಸ್ಟ್ ಹಂಬಲಿಸಿದ, ಎರಡನೆಯವನಾಗಲು ಟೆಟ್ಲಿ ಒಪ್ಪಲಿಲ್ಲ. ಇಬ್ಬರಿಗೂ ದಡ ಸಿಗಲಿಲ್ಲ.

ಊರು ಬಿಟ್ಟು ಇಷ್ಟು ದೂರ ಬಂದು ಬದುಕು ಕಟ್ಟಿಕೊಂಡಿರುವ ನಮಗೂ 'ಊರಿಗೆ ಹೋದಾಗ ಏನು ಹೇಳಲಿ' ಎಂಬ ಚಿಂತೆ ಹೊಸದಲ್ಲ. ಪತ್ರದಲ್ಲಿ, ಫೋನಿನಲ್ಲಿ ನಾಲ್ಕು ಮೈಲಿ ಹೆಚ್ಚಿಗೆ ಓಡಿದಂತೆ ಹೇಳಿಕೊಂಡವರು ನಮ್ಮಲ್ಲೂ ಇದ್ದಾರು. ಇನ್ನೊಮ್ಮೆ ಗೇಟ್‌ವೇ ಕಡೆ ಹೋದಾಗ ಆ ಬಿಳಿಯ ಹಾಯಿಗಳನ್ನು ಒಂದು ನಿಮಿಷ ನಿಂತು ನೋಡಿ. ಬಾಚಿ ಹಿಡಿದು ಸುಹೈಲಿಯನ್ನು ಕಟ್ಟಿದ ಆ ಬಡಗಿಗಳ ಹೆಸರು ಯಾವ ಪಾರಿತೋಷಕದ ಮೇಲೂ ಇಲ್ಲ. ಅವರು ಜೋಡಿಸಿದ ಹಲಗೆಗಳು ಮಾತ್ರ 312 ದಿನ ಬಿಟ್ಟುಕೊಡಲಿಲ್ಲ.